ಹತ್ತಿರದಿಂದ ಕಂಡ ನಂಬಿಕೆ

ನನ್ನಲ್ಲಿ ಕೊರತೆ ಇದ್ದದ್ದು ವಾಕ್ಯಜ್ಞಾನದ್ದಲ್ಲ. ಬೈಬಲಿನ ಯಾವ ವಚನ ಯಾವ ಅಧ್ಯಾಯದಲ್ಲಿದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದೆ. ಯುವಜನರ ಕೂಟದಲ್ಲಿ ಪಾಠ ಮಾಡುತ್ತಿದ್ದೆ, ಉಪವಾಸ ಪ್ರಾರ್ಥನೆಗೆ ತಪ್ಪದೆ ಹೋಗುತ್ತಿದ್ದೆ. ಆದರೆ ಪಾಠ ಮುಗಿದ ಮೇಲೆ ಯಾರೂ ‘ಚೆನ್ನಾಗಿತ್ತು’ ಅನ್ನದೆ ಹೊರಟುಬಿಟ್ಟರೆ ಆ ವಾರವೆಲ್ಲ ಮುಖ ಸಣ್ಣದಾಗಿರುತ್ತಿತ್ತು. ನನಗಿಂತ ಚಿಕ್ಕವನೊಬ್ಬನಿಗೆ ಆರಾಧನೆ ನಡೆಸಲು ಹೇಳಿದರೆ ‘ದೇವರಿಗೆ ಸ್ತೋತ್ರ’ ಎಂದು ಬಾಯಿ ಹೇಳುತ್ತಿತ್ತು, ಹೊಟ್ಟೆಯೊಳಗೆ ಬೇರೆಯೇ ನಡೆಯುತ್ತಿತ್ತು.

ಅಪೊಸ್ತಲ ಪೌಲ ಕೊರಿಂಥದವರಿಗೆ, ಅಂದರೆ ಆ ಊರಿನ ಕ್ರೈಸ್ತ ಸಭೆಗೆ, ಬರೆದ ಮೊದಲನೆಯ ಪತ್ರದಲ್ಲಿ ನನ್ನಂಥವರ ಬಗ್ಗೆಯೇ ಇದೆ. ಆ ಸಭೆಯಲ್ಲಿ ಜ್ಞಾನಕ್ಕಾಗಲಿ ಮಾತಿಗಾಗಲಿ ವರಗಳಿಗಾಗಲಿ ಬರವಿರಲಿಲ್ಲ. ಪತ್ರದ ಶುರುವಿನಲ್ಲೇ ಪೌಲ ಅದಕ್ಕಾಗಿ ದೇವರಿಗೆ ಸ್ತೋತ್ರ ಹೇಳುತ್ತಾನೆ. ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಜನರನ್ನು ಕೂಸುಗಳು ಎನ್ನುತ್ತಾನೆ. ನಿಮಗೆ ಹಾಲು ಕೊಟ್ಟೆ, ಗಟ್ಟಿ ಆಹಾರ ಕೊಡುವ ಹಾಗಿರಲಿಲ್ಲ, ಈಗಲೂ ಇಲ್ಲ ಎನ್ನುತ್ತಾನೆ. ಅವನು ಕೊಡುವ ಕಾರಣ ಹೊಟ್ಟೆಕಿಚ್ಚು ಮತ್ತು ಜಗಳ. ಎಷ್ಟು ಗೊತ್ತು ಎಂದು ಅವನು ಕೇಳುವುದೇ ಇಲ್ಲ. ಇಬ್ರಿಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲೂ ಹಾಲು ಮತ್ತು ಗಟ್ಟಿ ಆಹಾರದ ಮಾತು ಬರುತ್ತದೆ. ಅಲ್ಲಿ ಪ್ರಾಯಸ್ಥರು ಅಂದರೆ ಒಳ್ಳೆಯದು ಕೆಟ್ಟದ್ದನ್ನು ಗುರುತಿಸಲು ಅಭ್ಯಾಸದಿಂದ ಪಳಗಿದವರು. ಅಭ್ಯಾಸ ಅನ್ನುವುದು ನನ್ನನ್ನು ಯೋಚನೆಗೆ ಹಚ್ಚಿತು. ಯಾವ ಅಭ್ಯಾಸವನ್ನಾದರೂ ಮಾಡಿ ತೋರಿಸುವವರಿಲ್ಲದೆ ಕಲಿಯುವುದು ಕಷ್ಟ.

ಸಭಾಪಾಲಕರ ಹತ್ತಿರ ಹೋಗಿ, ಆತ್ಮಿಕವಾಗಿ ಬೆಳೆಯಬೇಕು, ಯಾವ ಪುಸ್ತಕ ಓದಲಿ ಅಯ್ಯನವರೇ ಎಂದು ಕೇಳಿದೆ. “ಪುಸ್ತಕ ಓದು, ಬೇಡ ಅನ್ನಲ್ಲ. ಆದರೆ ಸಭೆಯಲ್ಲಿ ಯಾರ ಜೊತೆ ಓಡಾಡ್ತೀಯ, ಯಾರನ್ನ ನೋಡಿ ಕಲೀತಿದ್ದೀಯ, ಅದನ್ನ ಹೇಳು ಮೊದಲು” ಅಂದರು. ನನ್ನ ಬಳಿ ಹೇಳಲು ಹೆಸರಿರಲಿಲ್ಲ. ಅವರು ಫಿಲಿಪ್ಪಿಯವರಿಗೆ ಬರೆದ ಪತ್ರ ತೆಗೆದು ಮೂರನೆಯ ಅಧ್ಯಾಯದ 17ನೆಯ ವಚನ ಓದಿಸಿದರು. ನನ್ನನ್ನು ಅನುಸರಿಸಿರಿ ಎಂದಷ್ಟೇ ಹೇಳಿ ಪೌಲ ಅಲ್ಲಿ ನಿಲ್ಲಿಸುವುದಿಲ್ಲ. ಹಾಗೆ ನಡೆಯುವ ಬೇರೆಯವರನ್ನೂ ಗಮನವಿಟ್ಟು ನೋಡಿರಿ ಎನ್ನುತ್ತಾನೆ. ಅವನು ಆಗ ಸೆರೆಯಲ್ಲಿದ್ದ. ಫಿಲಿಪ್ಪಿಯವರ ಕಣ್ಣೆದುರು ಅವನಿರಲಿಲ್ಲ, ಹಾಗಾಗಿ ಕಣ್ಣೆದುರಿಗೆ ಇರುವವರನ್ನು ತೋರಿಸಿಕೊಟ್ಟ. “ಮನೆಗೆ ಹೋಗಿ ಪಟ್ಟಿ ಮಾಡಿಕೊಂಡು ಬಾ” ಎಂದು ಅಯ್ಯನವರು ಕಳುಹಿಸಿದರು.

ಪಟ್ಟಿ ಮಾಡಲು ಕೂತರೆ ಮೊದಲು ಬಂದದ್ದೆಲ್ಲ ಮೊಬೈಲಿನಲ್ಲಿ ಕೇಳುತ್ತಿದ್ದ ದೊಡ್ಡ ದೊಡ್ಡ ಪ್ರಸಂಗಿಗಳ ಹೆಸರು. ಅವರನ್ನೆಲ್ಲ ಹೊಡೆದುಹಾಕಿದೆ. ಅವರ ಬೋಧನೆ ಕೆಟ್ಟದ್ದೆಂದಲ್ಲ, ಇವತ್ತಿಗೂ ಕೇಳುತ್ತೇನೆ. ಆದರೆ ವೇದಿಕೆಯಿಂದ ಇಳಿದ ಮೇಲೆ, ಮೈಕು ಸರಿಯಾಗಿ ಹಚ್ಚದ ಹುಡುಗನ ಹತ್ತಿರ ಅವರು ಹೇಗೆ ಮಾತಾಡುತ್ತಾರೆ ಅನ್ನುವುದು ನನಗೆ ಕಾಣಿಸುವುದಿಲ್ಲ. ಪೌಲನ ಶಿಷ್ಯ ತಿಮೊಥೆ ಹಾಗೆ ದೂರದಿಂದ ಕೇಳಿ ಕಲಿತವನಲ್ಲ. ಅವನಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ, ನೀನು ನನ್ನ ಬೋಧನೆ, ನಡತೆ, ತಾಳ್ಮೆ, ಪ್ರೀತಿ ಎಲ್ಲವನ್ನೂ ಬಲ್ಲೆ ಎನ್ನುತ್ತ ಅಂತಿಯೋಕ್ಯ, ಇಕೋನ್ಯ, ಲುಸ್ತ್ರದಲ್ಲಿ ಪಟ್ಟ ಹಿಂಸೆಯನ್ನೂ ಸೇರಿಸುತ್ತಾನೆ. ಲುಸ್ತ್ರದಲ್ಲಿ ಜನ ಪೌಲನಿಗೆ ಕಲ್ಲೆಸೆದು, ಸತ್ತನೆಂದುಕೊಂಡು ಊರ ಹೊರಗೆ ಎಳೆದುಹಾಕಿದ್ದರು. ಅವನು ಎದ್ದು ಮತ್ತೆ ಅದೇ ಊರೊಳಗೆ ಹೋದ ಎಂದು ಅಪೊಸ್ತಲರ ಕೃತ್ಯಗಳ 14ನೆಯ ಅಧ್ಯಾಯ ಹೇಳುತ್ತದೆ. ಎರಡು ಅಧ್ಯಾಯದ ನಂತರ ಪೌಲನ ಜೊತೆ ಹೊರಡುವ ತಿಮೊಥೆಯ ಪರಿಚಯ ನಮಗಾಗುವುದೂ ಆ ಸೀಮೆಯಲ್ಲೇ. ಏನಾಗಬಹುದು ಎಂದು ತಿಳಿದೇ ಆ ಹುಡುಗ ಹೊರಟಿದ್ದಾನೆ.

ಆಯ್ಕೆಗೆ ಒಂದು ಅಳತೆ ಬೇಕಿತ್ತು. ತಿಮೊಥೆಗೆ ಬರೆದ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಸಭಾಧ್ಯಕ್ಷನು, ಅಂದರೆ ಸಭೆಯನ್ನು ನಡೆಸುವವನು, ಹೇಗಿರಬೇಕು ಎಂಬ ಪಟ್ಟಿ ಇದೆಯಲ್ಲ, ಅದನ್ನೇ ಇಟ್ಟುಕೊಂಡೆ. ಅದರಲ್ಲಿ ಬೋಧಿಸಬಲ್ಲವನಾಗಿರಬೇಕು ಎಂಬ ಒಂದು ಮಾತಿದೆ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಸ್ವಭಾವದ್ದು: ಸಿಟ್ಟು, ಹಣದಾಸೆ, ಮನೆಯವರ ಜೊತೆಗಿನ ನಡವಳಿಕೆ, ಹೊರಗಿನವರಲ್ಲಿ ಇರುವ ಹೆಸರು. ಆ ಕಣ್ಣಿನಿಂದ ಸಭೆಯನ್ನು ನೋಡಿದಾಗ ಮುಂದಿನ ಸಾಲಿನ ಕೆಲವರು ಹಿಂದೆ ಸರಿದರು, ಹಿಂದಿನ ಬೆಂಚಿನ ಇಬ್ಬರು ಮುಂದೆ ಬಂದರು. ಒಬ್ಬರು ಸಂಡೇ ಸ್ಕೂಲ್ ನಡೆಸುತ್ತಿದ್ದ ನಿವೃತ್ತ ಶಿಕ್ಷಕಿ. ನಾವೆಲ್ಲ ಟೀಚರಮ್ಮ ಎನ್ನುತ್ತಿದ್ದೆವು. ಇನ್ನೊಬ್ಬರು ಸಭೆಯ ಹಿರಿಯರಲ್ಲೊಬ್ಬರು, ವಯಸ್ಸಿನ ಭೇದವಿಲ್ಲದೆ ಎಲ್ಲರಿಗೂ ದೊಡ್ಡಣ್ಣ.

ಟೀಚರಮ್ಮನ ಹತ್ತಿರ ಹೋಗಿ ನಿಮ್ಮಿಂದ ಕಲಿಯಬೇಕು ಎಂದಾಗ ಅವರು ನಕ್ಕುಬಿಟ್ಟರು. “ನಾನೇನು ಕಲಿಸಲಿ? ಬೆಳಿಗ್ಗೆ ಪ್ರಾರ್ಥನೆಗೆ ಕೂತ್ಕೊಳ್ತೀನಿ, ಬೇಕಿದ್ರೆ ಬಾ, ನೀನೂ ಕೂತ್ಕೋ.” ಕಲಿಕೆ ಅಂದರೆ ಅಷ್ಟೇ ಆಯಿತು. ವಾರಕ್ಕೊಮ್ಮೆ ಹೋಗಿ ಅವರ ಪಕ್ಕದಲ್ಲಿ ಕೂರುವುದು.

ಅವರ ಬಳಿ ಲೆಕ್ಕದ ಪುಸ್ತಕದಂಥ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಎಡಪುಟದಲ್ಲಿ ತಾರೀಖು, ಹೆಸರು, ಬೇಡಿಕೆ. ಬಲಪುಟ ಉತ್ತರಕ್ಕೆ. ಅದನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋದದ್ದು ಬಲಪುಟದ ಖಾಲಿ ಜಾಗಗಳಿಗೆ. ಒಂದು ಹೆಸರು ಅವರ ಸ್ವಂತ ತಮ್ಮನದು. ಹೊಸ ನೋಟ್‌ಬುಕ್ ತೆಗೆದಾಗಲೆಲ್ಲ ಆ ಹೆಸರನ್ನು ಮೊದಲ ಸಾಲಿಗೆ ಎತ್ತಿ ಬರೆದುಕೊಂಡಿದ್ದರು. ಎದುರಿಗೆ ಏನೂ ಇಲ್ಲ. ಅವರು ಆ ಹೆಸರಿನ ಮೇಲೆ ಬೆರಳಿಟ್ಟು, ಬೇರೆ ಹೆಸರುಗಳಿಗೆ ಎಷ್ಟು ಹೊತ್ತು ಕೊಡುತ್ತಿದ್ದರೋ ಅಷ್ಟೇ ಹೊತ್ತು ಕೊಟ್ಟು, ಅಷ್ಟೇ ಸಮಾಧಾನದ ದನಿಯಲ್ಲಿ ಬೇಡಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದರು. ಅಳು ಇಲ್ಲ, ದೂರು ಇಲ್ಲ. ನಾನಾಗಿದ್ದರೆ ಒಂದೋ ಬಿಟ್ಟುಬಿಡುತ್ತಿದ್ದೆ, ಇಲ್ಲವೇ ದೇವರ ಜೊತೆ ಜಗಳಕ್ಕೆ ಇಳಿಯುತ್ತಿದ್ದೆ.

ಈ ಪದ್ಧತಿ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಜಾರ್ಜ್ ಮುಲ್ಲರ್ ಅವರ ಹೆಸರು ಹೇಳಿದರು. 1805ರಲ್ಲಿ ಪ್ರಷ್ಯದಲ್ಲಿ ಹುಟ್ಟಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಿಂದ ಅನಾಥ ಮಕ್ಕಳಿಗೆ ಮನೆ ನಡೆಸಿದವರು. ಖರ್ಚಿಗೆ ಜನರ ಮುಂದೆ ಕೈಚಾಚದೆ ದೇವರನ್ನೇ ಕೇಳುತ್ತೇನೆ ಎಂದು ನಿಶ್ಚಯಿಸಿದವರು. 1898ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಆಶ್ರಯದಲ್ಲಿ ಬೆಳೆದ ಮಕ್ಕಳು ಹತ್ತು ಸಾವಿರದ ಹತ್ತಿರ. ಎಲ್ಲರೂ ಹೇಳುವುದು ಈ ಕಥೆಯನ್ನೇ. ಟೀಚರಮ್ಮನಿಗೆ ಬೇಕಾಗಿದ್ದದ್ದು ಬೇರೊಂದು. 1844ರ ನವೆಂಬರ್‌ನಲ್ಲಿ ಮುಲ್ಲರ್ ಐದು ಜನರ ರಕ್ಷಣೆಗಾಗಿ ಪ್ರಾರ್ಥಿಸಲು ಶುರುಮಾಡಿದರು. ಆರೋಗ್ಯವಿರಲಿ ಕಾಯಿಲೆಯಿರಲಿ, ಊರಲ್ಲಿರಲಿ ಪ್ರಯಾಣದಲ್ಲಿರಲಿ, ಒಂದು ದಿನವೂ ಬಿಡಲಿಲ್ಲ. ಮೊದಲನೆಯವನು ನಂಬಿದ್ದು ಒಂದೂವರೆ ವರ್ಷದ ಮೇಲೆ. ಮೂವತ್ತಾರು ವರ್ಷ ಕಳೆದ ಮೇಲೂ ಇಬ್ಬರು ಹಾಗೆಯೇ ಉಳಿದಿದ್ದರು, ಆಗಲೂ ಅವರು ಬೇಡುತ್ತಲೇ ಇದ್ದೇನೆ ಎಂದರು. “ಅವರ ಹತ್ತು ಸಾವಿರ ಮಕ್ಕಳು ನನ್ನ ಕೈಲಿ ಆಗಲ್ಲಪ್ಪ. ಈ ಇಬ್ಬರು ಆಗ್ತಾರೆ” ಅಂದರು ಟೀಚರಮ್ಮ.

ಮುಲ್ಲರ್ ಅವರಿಂದ ನಾನೂ ಒಂದನ್ನು ಎತ್ತಿಕೊಂಡೆ. ಬೆಳಿಗ್ಗೆ ಎದ್ದವರೇ ಪ್ರಾರ್ಥನೆಗೆ ಕೂರುವುದು ಅವರ ಮೊದಲಿನ ರೂಢಿ. ಮನಸ್ಸು ಎಲ್ಲೆಲ್ಲೋ ಅಲೆದು, ನಿಜವಾಗಿ ಪ್ರಾರ್ಥಿಸಲು ತೊಡಗುವಷ್ಟರಲ್ಲಿ ಎಷ್ಟೋ ಹೊತ್ತು ಕಳೆದುಹೋಗುತ್ತಿತ್ತಂತೆ. 1841ರ ಸುಮಾರಿಗೆ ಕ್ರಮ ಬದಲಿಸಿದರು. ಮೊದಲು ವಾಕ್ಯ ಓದಿ, ಅದನ್ನು ಧ್ಯಾನಿಸಿ, ತನ್ನ ಆತ್ಮ ದೇವರಲ್ಲಿ ಸಂತೋಷಪಡುವ ಹಾಗೆ ಮಾಡಿಕೊಳ್ಳುವುದು, ಪ್ರಾರ್ಥನೆ ಅದರಿಂದ ತಾನಾಗಿ ಹೊರಡುವುದು. ಕೇಳಲು ಸಣ್ಣ ಬದಲಾವಣೆ. ನಾನು ಹಾಗೆ ಮಾಡತೊಡಗಿದ ಮೇಲೆ ಪ್ರಾರ್ಥನೆಯಲ್ಲಿ ‘ನನಗೆ’ ಎಂಬುದು ಕಡಿಮೆಯಾಯಿತು. ಓದಿದ ಭಾಗ ಇನ್ನೊಬ್ಬರ ಬಗ್ಗೆ ಇದ್ದರೆ ಪ್ರಾರ್ಥನೆಯೂ ಆ ಕಡೆಗೇ ಹೋಗುತ್ತಿತ್ತು. ಕೆಲವು ದಿನ ಓದಿದ್ದು ಏನೂ ಹತ್ತುತ್ತಿರಲಿಲ್ಲ, ಅದೂ ಸರಿಯೇ.

ಇಲ್ಲಿ ಒಂದು ಮಾತು. ಅನುಸರಿಸುವುದು ಬೇರೆ, ಅನುಕರಣೆ ಬೇರೆ ಎಂದು ನಮ್ಮ ಪ್ರಾರ್ಥನಾ ಕೂಟವನ್ನು ಕೇಳಿಸಿಕೊಂಡರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಕೂಟ ನಡೆಸುವವರು ಪ್ರತಿ ವಾಕ್ಯದ ಕೊನೆಯನ್ನು ಸ್ವಲ್ಪ ಎಳೆದು ಏರಿಸುತ್ತಿದ್ದರು. ಆರು ತಿಂಗಳಲ್ಲಿ ಇಡೀ ಗುಂಪು ಅದೇ ರಾಗದಲ್ಲಿ ‘ಕರ್ತನೇ’ ಅನ್ನತೊಡಗಿತು, ಹೊಸದಾಗಿ ಬಂದ ಹುಡುಗನೂ ಸೇರಿ. ರಾಗ ಬೇಗ ಅಂಟುತ್ತದೆ. ಇಬ್ರಿಯರಿಗೆ ಬರೆದ ಪತ್ರದ 13ನೆಯ ಅಧ್ಯಾಯ ನಮ್ಮನ್ನು ನಡೆಸಿದವರ ನಡತೆಯ ಅಂತ್ಯಫಲ ಏನಾಯಿತು ನೋಡಿ, ಅವರ ನಂಬಿಕೆಯನ್ನು ಅನುಸರಿಸಿರಿ ಎನ್ನುತ್ತದೆ. ಅಂತ್ಯಫಲ ನೋಡಬೇಕಾದರೆ ವರ್ಷಗಟ್ಟಲೆ ಜೊತೆಗಿರಬೇಕು.

ದೊಡ್ಡಣ್ಣನ ವಿಷಯದಲ್ಲಿ ನನಗೆ ಕಾಣಿಸಿದ್ದು ಪ್ರಾರ್ಥನೆಯಲ್ಲಿ ಅಲ್ಲ, ಸಭೆಯ ಆಡಳಿತ ಸಮಿತಿಯ ಮೀಟಿಂಗಿನಲ್ಲಿ. ಪ್ರಾರ್ಥನಾಲಯದ ಪಕ್ಕ ಒಂದು ಹಾಲ್ ಕಟ್ಟುವ ಪ್ರಸ್ತಾಪ ಬಂದಿತ್ತು. ದೊಡ್ಡಣ್ಣ ಬೇಡ ಎಂದರು. ಮೊದಲು ಕಷ್ಟದಲ್ಲಿರುವ ಕುಟುಂಬಗಳಿಗೆ ನೆರವು ಕೊಡೋಣ, ಕಟ್ಟಡ ಎರಡು ವರ್ಷ ಕಾಯಲಿ ಎಂಬುದು ಅವರ ವಾದ. ಕಾಗದದಲ್ಲಿ ಲೆಕ್ಕ ಬರೆದುಕೊಂಡು ಬಂದಿದ್ದರು, ಚೆನ್ನಾಗಿಯೇ ಮಾತಾಡಿದರು. ಕೈ ಎತ್ತಿಸಿದಾಗ ಅವರ ಕಡೆ ಮೂರೇ ಕೈ. ಕಿರಿಯನೊಬ್ಬ ‘ಕೆಲವರಿಗೆ ನಂಬಿಕೆ ಸಾಲದು’ ಎಂದು ಚುಚ್ಚಿದ್ದೂ ಆಯಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೆಂಪಾಯಿತು. ಕಾಗದವನ್ನು ಮಡಿಸಿ, ಮತ್ತೊಮ್ಮೆ ಮಡಿಸಿ, ಜೇಬಿಗೆ ಹಾಕಿಕೊಂಡರು. ಆಮೇಲೆ ಮುಕ್ತಾಯದ ಪ್ರಾರ್ಥನೆ ಮಾಡಿ ಎಂದು ಅವರಿಗೇ ಹೇಳಿದರು. ಈ ಕೆಲಸ ಚೆನ್ನಾಗಿ ನಡೆಯಲಿ ಎಂದು ಅವರು ಬೇಡಿಕೊಂಡರು.

ಅಷ್ಟಕ್ಕೇ ಆಗಿದ್ದರೆ ಸಭ್ಯತೆ ಅನ್ನಬಹುದಿತ್ತು. ಮುಂದಿನ ಭಾನುವಾರ ಕಟ್ಟಡದ ಕಾಣಿಕೆಗೆ ಮೊದಲು ಹೆಸರು ಬರೆಸಿದವರು ಅವರು. ಕೆಲಸ ಶುರುವಾದ ಮೇಲೆ ದಿನಾ ಸಂಜೆ ಬಂದು ಮೇಸ್ತ್ರಿಯ ಲೆಕ್ಕ ನೋಡುತ್ತಿದ್ದರು. ನಡುವೆ ಹಣ ಸಾಲದೆ ಕೆಲಸ ನಿಂತಿತು. ಅವರು ಮೊದಲೇ ಎಚ್ಚರಿಸಿದ್ದು ಹೀಗೇ ಆಗುತ್ತದೆ ಎಂದೇ. ‘ನಾನು ಅಂದೇ ಹೇಳಿರಲಿಲ್ಲವೇ’ ಎಂಬ ಮಾತು ಅವರ ಬಾಯಿಂದ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಒಂದು ದಿನ ತಡೆಯಲಾರದೆ ನಾನೇ ಕೇಳಿದೆ. “ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು” ಎಂದು ಒಪ್ಪಿಕೊಂಡರು. “ಆದರೆ ಹೇಳಿದರೆ ಗೋಡೆ ಏಳುತ್ತಾ?”

ಫಿಲಿಪ್ಪಿ ಪತ್ರದ ಎರಡನೆಯ ಅಧ್ಯಾಯ ಆಮೇಲೆ ನನಗೆ ಬೇರೆಯೇ ಆಗಿ ಕಂಡಿತು. ಕ್ರಿಸ್ತನು ತನ್ನನ್ನು ತಗ್ಗಿಸಿಕೊಂಡ ಬಗೆಯನ್ನು ಹೇಳಿದ ಮೇಲೆ ಪೌಲ ಇಬ್ಬರನ್ನು ಹೆಸರು ಹಿಡಿದು ಮುಂದಿಡುತ್ತಾನೆ. ತಿಮೊಥೆಯ ಬಗ್ಗೆ ಅವನು ಹೇಳುವುದು, ಎಲ್ಲರೂ ಸ್ವಕಾರ್ಯ ನೋಡಿಕೊಳ್ಳುವಾಗ ಇವನು ನಿಮ್ಮ ಯೋಗಕ್ಷೇಮವನ್ನು ನಿಜವಾಗಿ ಚಿಂತಿಸುತ್ತಾನೆ ಎಂದು. ಫಿಲಿಪ್ಪಿಯವರೇ ಪೌಲನ ಬಳಿಗೆ ಕಳುಹಿಸಿದ್ದ ಎಪಫ್ರೊದೀತನ ಬಗ್ಗೆ, ಸಾಯುವಷ್ಟು ಕಾಯಿಲೆ ಬಿದ್ದ, ಆ ಸುದ್ದಿ ನಿಮಗೆ ತಲುಪಿತಲ್ಲಾ ಎಂದು ಸಂಕಟಪಟ್ಟ ಎಂದು. ತಾನು ಸಾಯುತ್ತಿರುವಾಗ ಬೇರೆಯವರಿಗೆ ಗಾಬರಿಯಾಯಿತಲ್ಲ ಎಂದು ಕೊರಗಿದ ಮನುಷ್ಯ. ಇಂಥವರನ್ನು ಮಾನಿಸಿರಿ ಎನ್ನುತ್ತಾನೆ ಪೌಲ. ಅವರ ಪ್ರಸಂಗದ ಬಗ್ಗೆ ಅಲ್ಲಿ ಒಂದಕ್ಷರ ಇಲ್ಲ.

ಕ್ಷಮಿಸುವುದನ್ನು ಮಾತ್ರ ನಾನು ಕಲಿತದ್ದು ಎಂದೂ ನೋಡದವರೊಬ್ಬರಿಂದ. ಹಾಲೆಂಡಿನ ಕೊರಿ ಟೆನ್ ಬೂಮ್ ಕುಟುಂಬ ಯೆಹೂದ್ಯರನ್ನು ಮನೆಯಲ್ಲಿ ಅಡಗಿಸಿಟ್ಟಿದ್ದಕ್ಕೆ 1944ರಲ್ಲಿ ಬಂಧನಕ್ಕೊಳಗಾಯಿತು. ತಂದೆ ಸೆರೆಯಲ್ಲಿ ತೀರಿಕೊಂಡರು, ಅಕ್ಕ ಬೆಟ್ಸಿ ನಾಜಿಗಳ ರಾವೆನ್ಸ್‌ಬ್ರೂಕ್ ಸೆರೆಶಿಬಿರದಲ್ಲಿ. 1947ರಲ್ಲಿ ಮ್ಯೂನಿಕ್‌ನಲ್ಲಿ ಕೊರಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದಾಗ ಆ ಶಿಬಿರದ ಕಾವಲುಗಾರನಾಗಿದ್ದವನೊಬ್ಬ ಎದುರು ಬಂದು ಕೈ ಚಾಚಿದ. ಅವರೊಳಗೆ ಪ್ರೀತಿಯ ಸುಳಿವೂ ಇರಲಿಲ್ಲ. ಕೈ ಎತ್ತುವುದಷ್ಟೇ ನನ್ನಿಂದಾಗುವುದು, ಭಾವನೆಯನ್ನು ನೀನೇ ಕೊಡು ಎಂದು ಯೇಸುವನ್ನು ಬೇಡಿಕೊಂಡು ಕೈ ನೀಡಿದರು. ನನ್ನ ಬೆನ್ನ ಹಿಂದೆ ಮಾತಾಡಿದ್ದ ಗೆಳೆಯನ ವಿಷಯ ಇದರ ಮುಂದೆ ಏನೇನೂ ಅಲ್ಲ. ಆದರೂ ಅವನಿಗೆ ಫೋನ್ ಮಾಡಲು ನಂಬರ್ ಒತ್ತುವಾಗ ಮನಸ್ಸು ಮೆತ್ತಗಾಗಲಿ ಎಂದು ಕಾಯಬೇಕಾಗಿಲ್ಲ ಎಂದು ಗೊತ್ತಿದ್ದದ್ದು ಅವರಿಂದಲೇ. ಅವನು ಸರಿಯಾಗಿ ಮಾತಾಡಲಿಲ್ಲ. ಎರಡನೆಯ ಸಲ ಮಾತಾಡಿದ.

ಮಾದರಿ ಎಂದುಕೊಂಡವರು ಎಡವಿದರೆ? ಆ ದಿನವೂ ಬಂತು. ಗಾಯನ ತಂಡದ ಹುಡುಗನೊಬ್ಬ ತಡವಾಗಿ ಬಂದನೆಂದು ದೊಡ್ಡಣ್ಣ ಎಲ್ಲರೆದುರಿಗೆ ಗದರಿದರು. ಅವನ ಮನೆಯವರನ್ನೂ ಸೇರಿಸಿ ಆಡಿದ ಮಾತು ಅದು. ಹುಡುಗ ಬರುವುದನ್ನೇ ಬಿಟ್ಟ. ನನಗೆ ಹಲವು ವಾರ ದೊಡ್ಡಣ್ಣನ ಪಕ್ಕ ಕೂರುವುದೇ ಕಷ್ಟವಾಯಿತು. ಇದನ್ನು ಟೀಚರಮ್ಮನ ಬಳಿ ಹೇಳಿದಾಗ ಅವರು ದೊಡ್ಡಣ್ಣನ ಪರ ವಹಿಸಲಿಲ್ಲ, ಬೈಯಲೂ ಇಲ್ಲ. ಪೌಲನ ಜೊತೆಗಾರ ಬಾರ್ನಬನ ಬಗ್ಗೆ ಓದು ಎಂದರು.

ಬಾರ್ನಬನ ಬಗ್ಗೆ ನನಗೆ ಗೊತ್ತಿದ್ದದ್ದು ಒಳ್ಳೆಯದೇ. ಹೊಲ ಮಾರಿ ಹಣವನ್ನು ಅಪೊಸ್ತಲರ ಪಾದದ ಬಳಿ ಇಟ್ಟವನು. ಎಲ್ಲರೂ ಹೆದರಿ ದೂರವಿಟ್ಟಿದ್ದ ಸೌಲನನ್ನು, ಅಂದರೆ ಮುಂದೆ ಪೌಲ ಎನಿಸಿಕೊಂಡವನನ್ನು, ಕೈಹಿಡಿದು ಕರೆತಂದವನು. ಆದರೆ ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ, ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ, ಪಂಕ್ತಿಯಿಂದ ಹಿಂದೆ ಸರಿದಾಗ ಬಾರ್ನಬನೂ ಆ ಕಪಟದಲ್ಲಿ ಸೇರಿಹೋದ ಎಂದಿದೆ. ಪೌಲನಿಗೆ ಅದು ನೋವಾಗಿರಬೇಕು. ತನ್ನನ್ನು ಬೆಳೆಸಿದವನೇ ಅಲ್ಲವೇ? ಹಿಂದೊಮ್ಮೆ ಅವರ ಜೊತೆ ಪ್ರಯಾಣ ಹೊರಟಿದ್ದ ಮಾರ್ಕನ ವಿಷಯದಲ್ಲಂತೂ ಇಬ್ಬರೂ ತೀಕ್ಷ್ಣವಾಗಿ ವಾದಿಸಿ ಅಗಲಿಯೇ ಹೋದರು. ಪಂಫುಲ್ಯದಲ್ಲಿ ಅರ್ಧಕ್ಕೆ ಬಿಟ್ಟುಹೋದವನು ಬೇಡ ಎಂದು ಪೌಲ, ಕರೆದೊಯ್ಯೋಣ ಎಂದು ಬಾರ್ನಬ. ಎಷ್ಟೋ ವರ್ಷದ ನಂತರ, ಕೊನೆಯ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನ್ನ ಸೇವೆಗೆ ಉಪಯುಕ್ತ ಎಂದು ಪೌಲನೇ ಬರೆಯುತ್ತಾನೆ. ನನ್ನನ್ನು ಅನುಸರಿಸಿರಿ ಎಂದವನೂ ಒಬ್ಬ ಮನುಷ್ಯನ ಬಗ್ಗೆ ತನ್ನ ಅಭಿಪ್ರಾಯ ತಿದ್ದಿಕೊಳ್ಳಬೇಕಾಯಿತು. ನಾನು ಕ್ರಿಸ್ತನನ್ನು ಅನುಸರಿಸುವ ಪ್ರಕಾರ ಎಂಬ ಷರತ್ತನ್ನು ಕೊರಿಂಥದವರಿಗೆ ಬರೆಯುವಾಗ ಅವನೇ ಹಾಕಿದ್ದಾನೆ. ಆ ಷರತ್ತು ಮುರಿದ ಕಡೆ ಹಿಂಬಾಲಿಸಬೇಕಾಗಿಲ್ಲ, ಮನುಷ್ಯನನ್ನು ಬಿಟ್ಟುಬಿಡಬೇಕಾಗಿಯೂ ಇಲ್ಲ.

ದೊಡ್ಡಣ್ಣ ಆ ಹುಡುಗನಲ್ಲಿ ಕ್ಷಮೆ ಕೇಳಿದರು. ಬೇಗ ಕೇಳಲಿಲ್ಲ, ತಿಂಗಳುಗಳೇ ಹಿಡಿದವು. ಆದರೆ ಗದರಿದ್ದು ತಂಡದ ಎದುರಿಗಾದ್ದರಿಂದ ಕೇಳಿದ್ದೂ ತಂಡದ ಎದುರಿಗೇ. ‘ನೀನು ತಡವಾಗಿ ಬಂದದ್ದಕ್ಕೆ’ ಎಂದು ಆರಂಭಿಸಲಿಲ್ಲ. ಹುಡುಗ ಏನೂ ಹೇಳದೆ ತಲೆ ಆಡಿಸಿದ. ಸಭೆಗೆ ಬಂದ, ಗಾಯನ ತಂಡಕ್ಕೆ ಮಾತ್ರ ಮರಳಲಿಲ್ಲ.

ನನ್ನಲ್ಲಿ ಏನು ಬದಲಾಯಿತು ಎಂದರೆ ದೊಡ್ಡ ಪಟ್ಟಿ ಇಲ್ಲ. ಪಾಠ ಮುಗಿದ ಮೇಲೆ ಹೊಗಳಿಕೆ ಬಂತೇ ಎಂದು ಕಿವಿ ಈಗಲೂ ನೆಟ್ಟಗಾಗುತ್ತದೆ, ಬರದಿದ್ದರೆ ಸಂಜೆಯೊಳಗೆ ಮರೆತುಹೋಗುತ್ತದೆ. ಸಮಿತಿಯಲ್ಲಿ ನನ್ನ ಮಾತು ಬಿದ್ದುಹೋದಾಗ ಕಾಗದ ಮಡಿಸಿ ಜೇಬಿಗೆ ಹಾಕಿಕೊಳ್ಳುವುದು ಬಂದಿದೆ. ನನ್ನ ನೋಟ್‌ಬುಕ್ಕಿನ ಬಲಪುಟದಲ್ಲೂ ಖಾಲಿ ಜಾಗಗಳಿವೆ.

ಟೀಚರಮ್ಮ ಮೊಣಕಾಲು ನೋವಿನಿಂದ ಮನೆ ಬಿಟ್ಟು ಹೊರಡುವುದು ನಿಂತ ಮೇಲೆ ಸಂಡೇ ಸ್ಕೂಲಿನ ದೊಡ್ಡ ಮಕ್ಕಳ ತರಗತಿ ನನ್ನ ಪಾಲಿಗೆ ಬಂತು. ಎರಡನೆಯ ಶತಮಾನದ ಬಿಷಪ್ ಐರೇನಿಯಸ್ ಒಂದು ಪತ್ರದಲ್ಲಿ ತನ್ನ ಬಾಲ್ಯದ ನೆನಪು ಬರೆದಿದ್ದಾರೆ. ಅಪೊಸ್ತಲ ಯೋಹಾನನ ಮಾತುಗಳನ್ನು ಕೇಳಿದ್ದ ಸ್ಮುರ್ನದ ಪಾಲಿಕಾರ್ಪ್ ಎಲ್ಲಿ ಕೂತು ಮಾತಾಡುತ್ತಿದ್ದರು, ಹೇಗೆ ಬರುತ್ತಿದ್ದರು ಹೋಗುತ್ತಿದ್ದರು, ನೋಡಲು ಹೇಗಿದ್ದರು ಎಂಬುದೆಲ್ಲ ಈಚಿನ ಸಂಗತಿಗಳಿಗಿಂತ ಸ್ಪಷ್ಟವಾಗಿ ನೆನಪಿದೆ ಎನ್ನುತ್ತಾರೆ. ಇದನ್ನು ಓದಿದಂದಿನಿಂದ ಮಕ್ಕಳ ಮುಂದೆ ನಿಲ್ಲುವುದಕ್ಕೇ ಒಂದು ಅಳುಕು. ನಾನು ಹೇಳಿದ ವಚನ ಮರೆತರೂ ನಾನು ಬಾಗಿಲು ಹಾಕಿದ ರೀತಿ ಅವರಿಗೆ ನೆನಪಿರಬಹುದು.

ಹೋದ ತಿಂಗಳು ಆ ತರಗತಿಯ ಹುಡುಗನೊಬ್ಬ, ಬೆಳಿಗ್ಗೆ ನಿಮ್ಮ ಜೊತೆ ಪ್ರಾರ್ಥನೆಗೆ ಬರಲಾ ಎಂದು ಕೇಳಿದ. ಬಂದವನು ಮೊದಲ ದಿನ ಸುಮ್ಮನೆ ಕೂತಿದ್ದ. ಎರಡನೆಯ ದಿನ, “ಅಣ್ಣ, ನಿಮಗೆ ಬೇಜಾರಾಗಲ್ವಾ ದಿನಾ ಇದೇ ಹೆಸರುಗಳು?” ಎಂದ. ಆಗುತ್ತೆ ಎಂದೆ. ಅಂಥ ದಿನ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಹೆಸರುಗಳನ್ನು ಒಂದೊಂದಾಗಿ ಹೇಳಿ, ಆಮೆನ್ ಅಂದು ಏಳುತ್ತೇನೆ ಎಂದೆ. ಅಷ್ಟೇನಾ ಎಂದು ಕೇಳಿದ. ಅಷ್ಟೇ. ಅವನು ನನ್ನ ನೋಟ್‌ಬುಕ್ ತಿರುವಿ ನೋಡುತ್ತ ಖಾಲಿ ಸಾಲುಗಳನ್ನು ಎಣಿಸತೊಡಗಿದ.